ಕಂಪ್ಯೂಟರ್ ನನ್ನದೇ, ಫೈಲ್ ಬದಲಿಸಲು ಯಾಕೆ ಬಿಡುವುದಿಲ್ಲ?

ಪ್ರಶ್ನೆ: ಉಡುಪಿಯ ಕಲ್ಸಂಕದ ಹತ್ತಿರ ನನ್ನ ಬಟ್ಟೆ ಅಂಗಡಿ ಇದೆ. ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಹೊಸ ವಿಂಡೋಸ್ 11 ಕಂಪ್ಯೂಟರಿನಲ್ಲಿ ತೆರೆಯುತ್ತಲೇ ಇಲ್ಲ. ಪರಿಚಯದವರೊಬ್ಬರು ಪೆನ್‌ಡ್ರೈವಿನಲ್ಲಿ ಎಂಎಫ್‌ಸಿ42.ಡಿಎಲ್‌ಎಲ್ ಕೊಟ್ಟು, ವಿಂಡೋಸಿನ ಸಿಸ್ಟಮ್32 ಫೋಲ್ಡರಿನಲ್ಲಿ ಇರುವುದನ್ನು ತೆಗೆದು ಇದನ್ನು ಹಾಕಿ ಅಂದರು. ಹಾಕಲು ಹೋದರೆ ‘ಟ್ರಸ್ಟೆಡ್‌ಇನ್‌ಸ್ಟಾಲರ್ ಅನುಮತಿ ಬೇಕು’ ಅಂತ ಬರುತ್ತದೆ. ನಾನೇ ಅಡ್ಮಿನಿಸ್ಟ್ರೇಟರ್ ಅಲ್ವಾ? ಯೂಟ್ಯೂಬಿನಲ್ಲಿ ತೋರಿಸಿದ ಹಾಗೆ ಫೈಲಿನ ಓನರ್‌ಶಿಪ್ (ಒಡೆತನ) ಬದಲಿಸಲೇ?

ಉತ್ತರ: ಬೇಡ ಮಾರಾಯ್ರೇ, ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ಟ್ರಸ್ಟೆಡ್‌ಇನ್‌ಸ್ಟಾಲರ್ ಅಂದರೆ ವಿಂಡೋಸ್ ಒಳಗಿನ ಒಂದು ಸರ್ವಿಸ್. 2007ರಲ್ಲಿ ವಿಂಡೋಸ್ ವಿಸ್ತಾ ಬಂದಾಗಿನಿಂದ ಮುಖ್ಯ ಸಿಸ್ಟಮ್ ಫೈಲುಗಳೆಲ್ಲ ಅದರ ಹೆಸರಿನಲ್ಲಿವೆ. ಅಡ್ಮಿನಿಸ್ಟ್ರೇಟರ್ ಅವನ್ನು ಓದಬಹುದು, ಓಡಿಸಬಹುದು, ಅಷ್ಟೇ. ಮನೆ ನಿಮ್ಮದೇ ಆದರೂ ಕರೆಂಟ್ ಮೀಟರಿನ ಸೀಲ್ ತೆಗೆಯಲು ಮೆಸ್ಕಾಂನವರೇ ಬರಬೇಕಲ್ಲ, ಹಾಗೆ. ಅಪ್‌ಡೇಟ್ ಬಂದಾಗ ಫೈಲ್ ಬದಲಿಸುವುದು ಈ ಸರ್ವಿಸ್ಸೇ.

ಇಷ್ಟು ಬಿಗಿ ಸುಮ್ನೆ ಮಾಡಿದ್ದಲ್ಲ. ವಿಂಡೋಸ್ 98ರ ಕಾಲದಲ್ಲಿ ಯಾವುದೋ ಸಿಡಿ ಹಾಕಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದರೆ, ಅದು ತನ್ನ ಹಳೇ ಡಿಎಲ್‌ಎಲ್ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲ್) ತಂದು ಹೊಸದರ ಜಾಗದಲ್ಲಿ ಕೂರಿಸಿಬಿಡುತ್ತಿತ್ತು. ಅದೇ ಫೈಲ್ ಬಳಸುವ ಬೇರೆ ಪ್ರೋಗ್ರಾಂಗಳು ಅಲ್ಲಿಗೇ ಮಲಗುತ್ತಿದ್ದವು. ವಿಂಡೋಸ್ 2000 ಬಂದಾಗ, ಬದಲಾದ ಫೈಲನ್ನು ಪತ್ತೆ ಮಾಡಿ ಡಿಎಲ್‌ಎಲ್‌ಕ್ಯಾಶ್ ಫೋಲ್ಡರಿನಲ್ಲಿಟ್ಟ ಸರಿಯಾದ ಪ್ರತಿಯನ್ನು ವಾಪಸ್ ಹಾಕುವ ವ್ಯವಸ್ಥೆ ಆಯಿತು. ವಿಸ್ತಾ ಬದಲಿಸುವುದನ್ನೇ ತಡೆಯಿತು. ಆ್ಯಪಲ್ ಕೂಡ ಮ್ಯಾಕ್ ಕಂಪ್ಯೂಟರುಗಳ 2015ರ ಆವೃತ್ತಿ ಎಲ್ ಕ್ಯಾಪಿಟನ್‌ನಲ್ಲಿ ಇಂಥದ್ದೇ ಬೀಗ ಹಾಕಿತು.

ಇನ್ನು ನಿಮ್ಮ ಫೈಲಿನ ವಿಷಯ. 32 ಬಿಟ್, 64 ಬಿಟ್ ಅಂದರೆ ಪ್ರೋಗ್ರಾಂಗಳ ಹಳೇ ಮತ್ತು ಹೊಸ ಮಾದರಿ, ಒಂದರ ಡಿಎಲ್‌ಎಲ್ ಇನ್ನೊಂದಕ್ಕೆ ಆಗುವುದಿಲ್ಲ. ವಿಂಡೋಸ್ 11 ಬರೀ 64 ಬಿಟ್. ಅದರ ಸಿಸ್ಟಮ್32ರಲ್ಲಿ, ಹೆಸರು ಏನೇ ಇರಲಿ, 64 ಬಿಟ್ ಫೈಲುಗಳೇ ಇರುವುದು. 32 ಬಿಟ್‌ನವು ಸಿಸ್‌ವಾವ್64 ಫೋಲ್ಡರಿನಲ್ಲಿವೆ. ನಿಮ್ಮ ಹಳೇ ಸಾಫ್ಟ್‌ವೇರ್ 32 ಬಿಟ್ಟಿನದ್ದೇ ಆಗಿದ್ದರೆ ಅದು ನೋಡುವುದು ಅಲ್ಲಿ. ಅಂದರೆ ಫೈಲ್ ಬದಲಾಗಿದ್ದರೂ ಬಿಲ್ಲಿಂಗ್ ತೆರೆಯುತ್ತಿರಲಿಲ್ಲ, ಬೇರೇನೋ ಕೆಡುತ್ತಿತ್ತು.

ಸಾಫ್ಟ್‌ವೇರ್ ಮಾಡಿಕೊಟ್ಟವರನ್ನೇ ಕೇಳಿ. ಆ ಡಿಎಲ್‌ಎಲ್ ನಿಜವಾಗಿ ಬೇಕಿದ್ದರೆ, ಅವರು ಕೊಟ್ಟ ಪ್ರತಿಯನ್ನು ಸಾಫ್ಟ್‌ವೇರಿನ ಸ್ವಂತ ಫೋಲ್ಡರಿನಲ್ಲೇ ಇಡಿ. ಪ್ರೋಗ್ರಾಂ ಇರುವ ಫೋಲ್ಡರನ್ನು ವಿಂಡೋಸ್ ಮೊದಲು ಹುಡುಕುತ್ತದೆ. ಪೆನ್‌ಡ್ರೈವಿನದ್ದು ಎಲ್ಲಿಂದ ಬಂತೋ ಗೊತ್ತಿಲ್ಲದಿದ್ದರೆ ಎಲ್ಲಿಯೂ ಹಾಕಬೇಡಿ. ಅಂಗಡಿಯ ಲೆಕ್ಕವೆಲ್ಲ ಆ ಮೆಷಿನಿನಲ್ಲೇ ಇದೆ.

ಈಗಾಗಲೇ ಯಾವುದಾದರೂ ಫೈಲಿನ ಓನರ್‌ಶಿಪ್ ಬದಲಿಸಿ ಅನುಮತಿ ಕೊಟ್ಟಿದ್ದೀರಾ? ಹಾಗಿದ್ದರೆ ಅಡ್ಮಿನಿಸ್ಟ್ರೇಟರ್ ಹಕ್ಕು ಸಿಕ್ಕಿದ ವೈರಸ್ಸೂ ಅದರ ಮೇಲೆ ಬರೆಯಬಹುದು. ಫೈಲಿನ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್‌ಡ್‌ಗೆ ಹೋಗಿ. ಓನರ್ ಜಾಗದಲ್ಲಿ ‘ಎನ್‌ಟಿ ಸರ್ವಿಸ್\ಟ್ರಸ್ಟೆಡ್‌ಇನ್‌ಸ್ಟಾಲರ್’ (NT SERVICE\TrustedInstaller) ಅಂತ ಇಂಗ್ಲಿಷಿನಲ್ಲಿ ಪೂರ್ತಿ ಟೈಪ್ ಮಾಡಿ, ಬರೀ ಕೊನೆಯ ಪದ ಹಾಕಿದರೆ ಹೆಸರು ಸಿಗುವುದಿಲ್ಲ. ನೀವು ಸೇರಿಸಿದ ಅನುಮತಿಯನ್ನೂ ತೆಗೆಯಿರಿ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ (sfc /scannow) ಕೊಡಿ. ಕೆಟ್ಟ ಸಿಸ್ಟಮ್ ಫೈಲ್ ಸಿಕ್ಕಿದರೆ ವಿಂಡೋಸ್ ತನ್ನಲ್ಲಿರುವ ಒಳ್ಳೆಯ ಪ್ರತಿಯನ್ನು ಹಾಕುತ್ತದೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಂಗಡಿ ಬಾಗಿಲು ಹಾಕಿದ ಮೇಲೆ ಮಾಡಿ.