ಪ್ರತಿಕ್ರಿಯೆ: ಹೆಂಪ್ ಬ್ರೇಸ್‌ಲೆಟ್ ತಿರುಚಿಕೊಳ್ಳುವುದೇಕೆ?

ಗೋಕರ್ಣದಲ್ಲಿ ಕೊಂಡ ಹೆಂಪ್ (ಗಾಂಜಾ ಜಾತಿಯ ಗಿಡದ ನಾರು) ದಾರದ ಬ್ರೇಸ್‌ಲೆಟ್ ನೋಡಿ ಅದರಂತೆ ಕಟ್ಟಿದರೆ ಪಟ್ಟಿ ಚಪ್ಪಟೆಯಾಗದೆ ಸುರುಳಿಯಾಗುತ್ತದೆ, ಅರ್ಧಕ್ಕೇ ದಾರ ಮುಗಿಯುತ್ತದೆ ಅಂದಿದ್ದೀರಿ. ಸುರುಳಿಗೆ ಕಾರಣ ಒಂದೇ: ಪ್ರತಿ ಸಲ ಎಡಗಡೆಯ ಎಳೆಯನ್ನೇ ಮೇಲೆ ತರುತ್ತಿದ್ದೀರಿ. ಒಟ್ಟು ನಾಲ್ಕು ಎಳೆ: ನಡುವಿನ ಎರಡು ಸುಮ್ಮನಿರುತ್ತವೆ, ಅಕ್ಕಪಕ್ಕದ ಎರಡರಿಂದ ಗಂಟು ಹಾಕುವುದು; ಒಂದು ಗಂಟಿಗೆ ಎರಡು ಅರ್ಧ. ಮೊದಲ ಅರ್ಧಗಂಟಿನಲ್ಲಿ ಎಡದ ಎಳೆ ನಡುವಿನ ಎರಡು ಎಳೆಗಳ ಮೇಲೆ ಹಾದು ಬಲಕ್ಕೆ ಬರುತ್ತದೆ. ಎರಡನೇ ಅರ್ಧದಲ್ಲಿ ಅದೇ ಎಳೆ ಬಲದಿಂದ ಮತ್ತೆ ಮೇಲೆ ಹಾದು ಎಡಕ್ಕೆ ಮರಳಬೇಕು. ಆ ಎಳೆಯ ತುದಿಗೆ ಪೆನ್ನಿನ ಗುರುತು ಹಾಕಿ. ಗುರುತಿನದು ಸದಾ ಮೇಲೆ, ಇನ್ನೊಂದು ಸದಾ ಕೆಳಗೆ. ಇಷ್ಟು ಪಾಲಿಸಿದರೆ ತಪ್ಪುವುದೇ ಇಲ್ಲ.

ಅಳತೆ: 18 ಸೆಂ.ಮೀ. ಪಟ್ಟಿಗೆ 1 ಮಿ.ಮೀ. ದಪ್ಪದ ದಾರ. ಗಂಟು ಹಾಕುವುದಕ್ಕೆ 2 ಮೀಟರ್, ನಡುವಿನದಕ್ಕೆ 80 ಸೆಂ.ಮೀ.; ಎರಡನ್ನೂ ಅರ್ಧಕ್ಕೆ ಮಡಚಿ. ಮಡಚಿದ ಮೇಲೆ ಗಂಟು ಹಾಕುವ ಒಂದೊಂದು ಎಳೆಯೂ ಪಟ್ಟಿಯ ಉದ್ದದ ಐದು ಪಟ್ಟಾದರೂ ಇರಬೇಕು, ನೀವು ನಾಲ್ಕೂ ಎಳೆ ಸಮ ಕತ್ತರಿಸಿದ್ದಕ್ಕೇ ಸಾಲದೆ ಹೋಯಿತು. ಮೂಟೆ ಹೊಲಿಯುವ ಗೋಣಿದಾರ ಬೇಡ, ಅದು ಜುಂಗು ಬಿಟ್ಟು ಚರ್ಮಕ್ಕೆ ಚುಚ್ಚುತ್ತದೆ.

ಕವಡೆಯೋ ಮಣಿಯೋ ಪೋಣಿಸುವುದಾದರೆ ತೂತು 2.5 ಮಿ.ಮೀ.ಗಿಂತ ಕಡಿಮೆ ಇರಬಾರದು, ಎರಡು ಎಳೆ ಹೋಗಬೇಕಲ್ಲ. ತುದಿಗೆ ಬೆಂಕಿ ತೋರಿಸಬೇಡಿ. ಹೆಂಪ್ ನೈಲಾನಿನಂತೆ ಕರಗಿ ಅಂಟದು, ಸುಟ್ಟು ಕರಕಲಾಗುತ್ತದೆ. ಗಂಟಿಗೆ ಒಂದು ಹನಿ ಬಿಳಿ ಫೆವಿಕಾಲ್ ಸಾಕು.

ಕಾರವಾರದ ಮಳೆಗಾಲದಲ್ಲಿ ಒದ್ದೆಯಾದದ್ದನ್ನು ಡಬ್ಬಿಗೆ ಹಾಕಿದರೆ ಬೂಸ್ಟು ಹಿಡಿಯುತ್ತದೆ. ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿಯೇ ಇಡಿ.