ನಾಲ್ಕು ಹೆಬ್ಬೆರಳು

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ತನ್ನ ಕೆಲಸದ ಬಗ್ಗೆ ತಾನೇ ಬರೆಯಲು ಆಗುತ್ತಿಲ್ಲ ಎಂದು ಈ ವರ್ಷ ನನ್ನ ಹತ್ತಿರ ಸಮಾಲೋಚನೆಗೆ ಬಂದವರಲ್ಲಿ ಈ ಹುಡುಗ ಮೂರನೆಯವನು. ಅದಕ್ಕೇ ಬರೆಯುತ್ತಿದ್ದೇನೆ.

ಹುಡುಗನದು ಕಾರವಾರದ ಹತ್ತಿರದ ಮೀನುಗಾರರ ಮನೆ. ಡಿಸೈನ್ ಓದುತ್ತಿದ್ದಾನೆ, ಕೊನೇ ವರ್ಷ. ತನ್ನ ಚಿತ್ರಗಳ ಬಗ್ಗೆ ತಾನೇ ನಾಲ್ಕು ಪುಟ ಬರೆದು ಪೋರ್ಟ್‌ಫೋಲಿಯೊ (ಆಯ್ದ ಚಿತ್ರಗಳ ಕಟ್ಟು) ಜೊತೆ ಕೊಡಬೇಕಿತ್ತು. ಎರಡು ತಿಂಗಳಲ್ಲಿ ಬರೆದದ್ದು ಏಳು ಸಾಲು. ಗೆರೆಯಲ್ಲಿ ಜೀವ ಇಲ್ಲ, ಬಣ್ಣ ಮಂಕು, ಬೇರೆಯವರದು ಚೆನ್ನಾಗಿದೆ. ಬರೀ ಇಂಥವೇ.

ಮೊದಲು ನಿದ್ದೆ, ಊಟ, ಬದುಕುವುದೇ ಬೇಡ ಅನ್ನಿಸುತ್ತದಾ ಎಂದು ನೇರವಾಗಿ ಕೇಳಿದೆ. ಹಾಗೇನೂ ಇರಲಿಲ್ಲ. ಇದ್ದಿದ್ದರೆ ಮಾತು ಚಿತ್ರದ ಕಡೆ ಹೋಗುತ್ತಲೇ ಇರಲಿಲ್ಲ, ವೈದ್ಯರ ಹತ್ತಿರ ಕಳಿಸುತ್ತಿದ್ದೆ. ಹಾಗೆ ಅನ್ನಿಸುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ಮೂರನೇ ಭೇಟಿಗೆ ಸ್ಕೆಚ್ ಪುಸ್ತಕ ತರಲು ಹೇಳಿದ್ದೆ. ತೆಗೆದರೆ ಹೊಲಿಗೆಯ ಹತ್ತಿರ ಬರೀ ಹರಿದ ಅಂಚುಗಳು. ಸರಿ ಬಾರದ್ದನ್ನೆಲ್ಲ ಕಿತ್ತು ಎಸೆದಿದ್ದ. ಒಂದೇ ಒಂದು ಹಾಳೆ ಉಳಿದಿತ್ತು. ಯಾಕೆಂದರೆ ಅದರ ಹಿಂದೆ ಅವನ ಅಮ್ಮ ಮೀನಿನ ಲೆಕ್ಕ ಬರೆದಿದ್ದರು. ಬಂಗಡೆ ಎರಡು ಬುಟ್ಟಿ, ತಾರ್ಲೆ ಒಂದು.

ಈಚೆ ಮಗ್ಗುಲಲ್ಲಿ ಬಲೆ ಸರಿಮಾಡುವ ಕೈ. ಹೆಬ್ಬೆರಳನ್ನು ನಾಲ್ಕು ಸಲ ಬರೆದಿದ್ದ.

"ನಾಲ್ಕೂ ತಪ್ಪಾಗಿದೆ ಮೇಡಂ."

"ತಪ್ಪು-ಸರಿ ಆಮೇಲೆ. ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಏನು ವ್ಯತ್ಯಾಸ ಅಷ್ಟೇ ಹೇಳು."

ತುಂಬಾ ಹೊತ್ತು ನೋಡಿದ. ನಾನೂ ಸುಮ್ನೆ ಕೂತೆ.

"ಮೊದಲನೆಯದರಲ್ಲಿ ಉಗುರು ಬರೆದಿದ್ದೆ. ನಾಲ್ಕನೆಯದರಲ್ಲಿ ಬೆರಳು ಬಗ್ಗಿದೆ. ದಾರ ಎಳೀತಾ ಇದೆ."

ಆಮೇಲೆ ತಾನೇ ಲ್ಯಾಪ್‌ಟಾಪ್ ತೆಗೆದು ಅದೇ ಚಿತ್ರದ ಕೊನೇ ರೂಪ ತೋರಿಸಿದ. ನುಣ್ಣಗೆ, ಚೊಕ್ಕವಾಗಿತ್ತು. ಅವನೇ ಅಂದ: "ಇದರಲ್ಲಿ ದಾರ ಸಡಿಲ ಬಿಟ್ಟಿದ್ದೇನೆ. ಅಪ್ಪ ನೋಡಿದರೆ ಬಲೆ ಹೀಗೆ ಹಿಡಿಯೋದಿಲ್ಲ ಅಂತಾರೆ."

ಆ ನಾಲ್ಕು ಪುಟದಲ್ಲಿ ಇದನ್ನೇ ಬರೆ ಎಂದೆ. ಒಂದು ತಿಂಗಳು ಯಾವ ಹಾಳೆಯನ್ನೂ ಕೀಳಬೇಡ, ಹಿಂದೆ ತಾರೀಕು ಹಾಕು. ಬರೆಯುವಾಗ ಎರಡು ಹಾಳೆ ಪಕ್ಕ ಪಕ್ಕ ಇಟ್ಟುಕೋ. ಚೆಂದ, ಕೆಟ್ಟದು ಅನ್ನೋ ಪದ ಬಂದರೆ ಹೊಡೆದು ಹಾಕಿ, ಕೈ ಏನು ಮಾಡಿತು ಅನ್ನೋದನ್ನು ಬರೆ.

ನಮ್ಮ ಕಡಲತೀರಕ್ಕೆ ಯಾರ ಹೆಸರಿಟ್ಟಿದ್ದಾರೋ ಆ ರವೀಂದ್ರನಾಥ ಟ್ಯಾಗೋರರ ಮಾತನ್ನೂ ಎತ್ತಿದೆ. 1883ರಲ್ಲಿ ಅವರು ಕಾರವಾರದಲ್ಲಿದ್ದಾಗ ಇಪ್ಪತ್ತೆರಡರ ತರುಣ, ಇವನಿಗಿಂತ ಒಂದು ವರ್ಷ ದೊಡ್ಡವರು. ಚಿತ್ರ ಕೈಹಿಡಿದದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಬೇಡವೆಂದು ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಸೇರಿಸುತ್ತಾ ಅವರು ಆಕಾರ ಬಿಡಿಸುತ್ತಿದ್ದರು. 1930ರಲ್ಲಿ ಅವರ ಚಿತ್ರಗಳ ಪ್ರದರ್ಶನ ಪ್ಯಾರಿಸ್‌ನಲ್ಲಿ ನಡೆಯಿತು. ಹುಡುಗ ದಿನಾ ಅದೇ ತೀರದಲ್ಲಿ ಓಡಾಡುತ್ತಾನೆ. ಇದು ಅವನಿಗೆ ಗೊತ್ತಿರಲಿಲ್ಲ.

ಹೊಗಳಿ ಧೈರ್ಯ ತುಂಬಬೇಕಿತ್ತು ಎಂದು ಜೊತೆಯವರೊಬ್ಬರು ನನಗೆ ಹೇಳಿದರು. ನಾನು ಒಪ್ಪುವುದಿಲ್ಲ. ನನ್ನ ಹೊಗಳಿಕೆ ಅವನು ಮುಂದಿನ ಸಲ ಫೋನಿನಲ್ಲಿ ಬೇರೆಯವರ ಚಿತ್ರ ನೋಡುವ ತನಕ ಬಾಳುತ್ತದೆ, ಅಷ್ಟೇ. ಅಲ್ಲದೆ ನನಗೆ ಚಿತ್ರಕಲೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಚೆನ್ನಾಗಿದೆ ಅಂದರೆ ಈ ವಯಸ್ಸಿನ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ, ಆಮೇಲೆ ನಮ್ಮ ಯಾವ ಮಾತನ್ನೂ ನಂಬುವುದಿಲ್ಲ. ದಾರದ ಬಿಗಿ ಅವನ ಕಣ್ಣೇ ಕಂಡದ್ದು. ಅದನ್ನು ಯಾರೂ ಅವನಿಂದ ಕಿತ್ತುಕೊಳ್ಳಲಾರರು.

ನಾಲ್ಕು ಪುಟ ಆಗಲಿಲ್ಲ, ಎರಡೂವರೆ ಆಯಿತು. ಅದನ್ನೇ ಕೊಟ್ಟ. ಈಗಲೂ ಒಮ್ಮೊಮ್ಮೆ ಹಾಳೆ ಕೀಳುತ್ತಾನಂತೆ, ಆದರೆ ಮೊದಲು ಫೋಟೊ ತೆಗೆದುಕೊಳ್ಳುತ್ತಾನೆ. ಕೊಡುವ ಮೊದಲು ಒಂದು ಮೆಸೇಜ್ ಹಾಕಿದ್ದ: "ಅಮ್ಮನ ಲೆಕ್ಕದ ಮಗ್ಗುಲನ್ನೂ ಸ್ಕ್ಯಾನ್ ಮಾಡಿ ಹಾಕಲಾ ಮೇಡಂ?"

ಅಮ್ಮನ್ನೇ ಕೇಳು ಎಂದೆ.