ಬೇಕಾದ ನಕ್ಷೆಯ ಪದರ (ಕೆರೆ, ರಸ್ತೆ ಹೀಗೆ ಒಂದೊಂದು ಬಗೆಯ ಮಾಹಿತಿಯ ಹಾಳೆ) ಎಲ್ಲೂ ಸಿಗದಿದ್ದರೆ ನಾವೇ ತಯಾರಿಸಿಕೊಳ್ಳುವುದು ಹೇಗೆ?

ಉಪಗ್ರಹ ಚಿತ್ರವನ್ನು ಹಿನ್ನೆಲೆಗಿಟ್ಟು ಅದರ ಮೇಲೆ ನೀವೇ ಗೆರೆ ಎಳೆಯುವುದು ಸಾಮಾನ್ಯ ದಾರಿ. ಉಚಿತವಾಗಿ ಸಿಗುವ ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ಇದಕ್ಕೆ ಧಾರಾಳವಾಗಿ ಸಾಕು. ಹೊಸ ಪದರ ತೆರೆಯುವಾಗಲೇ ಅದು ಬಿಂದುವೋ, ಗೆರೆಯೋ, ಬಹುಭುಜವೋ ಎಂದು ನಿರ್ಧರಿಸಬೇಕು: ಬಾವಿ ಬಿಂದು, ರಸ್ತೆ ಗೆರೆ, ಕೆರೆ ಬಹುಭುಜ. ಜಿಯೋಪ್ಯಾಕೇಜ್ ಎಂಬ ಕಡತ ರೂಪದಲ್ಲಿ ಉಳಿಸಿ. ಶೇಪ್‌ಫೈಲ್ ಎಂಬ ಹಳೆಯ ರೂಪವಾದರೆ ಮಾಹಿತಿ ಪಟ್ಟಿಯ ಕಾಲಂ ಹೆಸರು 10 ಇಂಗ್ಲಿಷ್ ಅಕ್ಷರ ದಾಟುವಂತಿಲ್ಲ. ಮೇಲಾಗಿ ಒಂದೇ ಪದರಕ್ಕೆ ನಾಲ್ಕೈದು ಕಡತಗಳನ್ನು ಹೊತ್ತು ತಿರುಗಬೇಕು.

ಹೆಚ್ಚಿನವರು ಎಡವುವುದು ನಿರ್ದೇಶಾಂಕ ವ್ಯವಸ್ಥೆಯಲ್ಲಿ, ಅಂದರೆ ಜಾಗವನ್ನು ಅಂಕೆಗಳಲ್ಲಿ ಗುರುತಿಸುವ ಪದ್ಧತಿಯಲ್ಲಿ. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ವ್ಯವಸ್ಥೆಯ ಅಕ್ಷಾಂಶ–ರೇಖಾಂಶಗಳ ಅಳತೆ ಡಿಗ್ರಿಯಲ್ಲಿದೆ. ಕೆರೆಯ ಸುತ್ತ 500 ಮೀಟರ್ ಬಫರ್ (ಅಷ್ಟು ಅಗಲದ ಸುತ್ತುಪಟ್ಟಿ) ಬೇಕೆಂದು ಅಲ್ಲಿ 500 ಎಂದು ಬರೆದರೆ ಅದು 500 ಡಿಗ್ರಿ; ಇಡೀ ಭೂಮಿಯನ್ನು ಸುತ್ತಿಯೂ ಮಿಕ್ಕುತ್ತದೆ! ಅಕ್ಷಾಂಶದ ಒಂದು ಡಿಗ್ರಿಯೇ ಸುಮಾರು 111 ಕಿ.ಮೀ. ಆಗುತ್ತದೆ. ದೂರ, ವಿಸ್ತೀರ್ಣ ಲೆಕ್ಕ ಹಾಕುವುದಿದ್ದರೆ ಮೀಟರ್ ಅಳತೆಯ ಯುಟಿಎಂ ವ್ಯವಸ್ಥೆಯಲ್ಲಿ ಆ ಪ್ರದೇಶದ ವಲಯವನ್ನು ಆರಿಸಿಕೊಳ್ಳಿ.

ಅಕ್ಕಪಕ್ಕದ ಜಮೀನುಗಳ ಗಡಿ ಎಳೆಯುವಾಗ ಸ್ನ್ಯಾಪಿಂಗ್ (ಹೊಸ ಗೆರೆಯನ್ನು ಹತ್ತಿರದ ಹಳೆಯ ಗೆರೆಗೆ ತಾನಾಗಿ ಅಂಟಿಸುವ ಸೌಲಭ್ಯ) ಚಾಲೂ ಇರಲಿ. ಇಲ್ಲವಾದರೆ ನಡುವೆ ಕೂದಲೆಳೆಯಷ್ಟು ಬಿರುಕು ಉಳಿಯುತ್ತದೆ. ಪರದೆಯ ಮೇಲೆ ಕಣ್ಣಿಗೆ ಬೀಳದ ಅದು, ಪದರಗಳನ್ನು ಒಂದರ ಮೇಲೊಂದು ಹೊಂದಿಸಿದಾಗ ಚೂರುಚೂರು ಬಹುಭುಜಗಳಾಗಿ ಎದುರು ನಿಲ್ಲುತ್ತದೆ.

ಮೊಬೈಲ್ ಜಿಪಿಎಸ್‌ನಿಂದಲೂ ಬಿಂದುಗಳನ್ನು ಸಂಗ್ರಹಿಸಬಹುದು. ಬಯಲಿನಲ್ಲೂ ಕೆಲವು ಮೀಟರ್ ಆಚೀಚೆ ಆಗುತ್ತದೆ: ಬಾವಿ ಗುರುತಿಸಲು ಸಾಕು, ಗಡಿಕಲ್ಲಿಗೆ ಸಾಲದು.